ಅಮ್ಮ ಏನೂ ತಪ್ಪು ಮಾಡಿರಲಿಲ್ಲ

ಭಾನುವಾರ ಮಧ್ಯಾಹ್ನ ಅಮ್ಮ ಟಿವಿಯ ಮುಂದೆ ರಿಮೋಟ್ ಹಿಡಿದು ಸುಮ್ಮನೆ ಕುಳಿತಿದ್ದಳು. ಮನೆಯ ಹಳೆಯ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿ ಅವಳ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದೆ. ಚಿಕ್ಕ ಪರದೆಯಲ್ಲಿ ಮುಖಗಳು ಈಗ ಅವಳಿಗೆ ಸರಿಯಾಗಿ ಕಾಣುವುದಿಲ್ಲ. ಟಿವಿಯಲ್ಲಿ ದೊಡ್ಡದಾಗಿ ನೋಡೋಣವೆಂದು ತಾನೇ ಲ್ಯಾಪ್‌ಟಾಪಿನಿಂದ ಟಿವಿಗೆ ಚಿತ್ರ, ಧ್ವನಿ ಎರಡನ್ನೂ ಸಾಗಿಸುವ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದ್ದಳು. ಪರದೆಯಲ್ಲಿ ‘ನೋ ಸಿಗ್ನಲ್’ ಎಂಬ ಎರಡು ಪದ ಬಿಟ್ಟರೆ ಏನೂ ಇಲ್ಲ. ‘ನಾನೇ ಏನೋ ಒತ್ತಿ ಕೆಡಿಸಿಬಿಟ್ಟೆ. ಬಿಡು, ಇವೆಲ್ಲ ನನ್ನ ಕೈಯಲ್ಲಿ ಆಗುವುದಲ್ಲ’ ಎಂದಳು.

ಆ ಮಾತು ಎರಡು ದಿನ ನನ್ನನ್ನು ಕೊರೆಯಿತು. ಅವಳು ಸರಿಯಾದ ಪೋರ್ಟಿಗೇ ಸಿಕ್ಕಿಸಿದ್ದಳು. ರಿಮೋಟಿನ ಸೋರ್ಸ್ ಗುಂಡಿ ಒತ್ತಿ ಸರಿಯಾದ ಎಚ್‌ಡಿಎಂಐಯನ್ನೇ ಆರಿಸಿದ್ದಳು. ಆದರೂ ತಪ್ಪು ತನ್ನದೆಂದು ಒಪ್ಪಿಕೊಂಡಳು, ಏಕೆಂದರೆ ತಪ್ಪು ಎಲ್ಲಿದೆ ಎಂದು ಹೇಳುವ ಸೌಜನ್ಯ ಆ ಎರಡು ಯಂತ್ರಗಳಲ್ಲಿ ಒಂದಕ್ಕೂ ಇರಲಿಲ್ಲ.

ಮೊದಲು ಆದದ್ದನ್ನು ಹೇಳುತ್ತೇನೆ. ಕೀಲಿಮಣೆಯಲ್ಲಿ ವಿಂಡೋಸ್ ಗುಂಡಿ ಮತ್ತು ‘ಪಿ’ ಒಟ್ಟಿಗೆ ಒತ್ತಿದೆ. ಪಕ್ಕದಲ್ಲಿ ನಾಲ್ಕು ಆಯ್ಕೆಗಳು ಬಂದವು: ಲ್ಯಾಪ್‌ಟಾಪಿನ ಪರದೆ ಮಾತ್ರ, ಎರಡರಲ್ಲೂ ಒಂದೇ ಚಿತ್ರ, ಎರಡೂ ಸೇರಿ ಒಂದು ದೊಡ್ಡ ಪರದೆ, ಎರಡನೆಯ ಪರದೆ ಮಾತ್ರ. ಮೊದಲನೆಯದು ಆಯ್ಕೆಯಾಗಿತ್ತು. ಹಿಂದೊಮ್ಮೆ ನಾನೇ ಹಾಗೆ ಇಟ್ಟು ಮರೆತಿದ್ದೆ. ಮೂರನೆಯದಕ್ಕೆ ಬದಲಿಸಿದೆ. ಟಿವಿಯಲ್ಲಿ ಚಿತ್ರ ಬಂತು, ಅಮ್ಮನ ಮುಖ ಅರಳಿತು, ಮೂರು ಸೆಕೆಂಡಿನಲ್ಲಿ ಪರದೆ ಮತ್ತೆ ಕಪ್ಪಾಯಿತು. ಮತ್ತೆ ಬಂತು, ಮತ್ತೆ ಹೋಯಿತು.

ಹೀಗೆ ಬಂದು ಹೋಗುವ ತೊಂದರೆ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಏನೂ ಬಾರದಿದ್ದರೆ ಜೋಡಣೆಯೇ ಆಗಿಲ್ಲ ಎಂದಾದರೂ ಅಂದುಕೊಳ್ಳಬಹುದು. ಬಂದು ಹೋದಾಗ ಟಿವಿ ಹಾಳಾಗಿದೆ ಎಂದು ಒಬ್ಬರು, ಲ್ಯಾಪ್‌ಟಾಪ್ ಹಳೆಯದಾಯಿತು ಎಂದು ಇನ್ನೊಬ್ಬರು. ನಾನು ಪೋರ್ಟ್ ಬದಲಿಸಿ ನೋಡಿದೆ, ಅದೇ ಕಥೆ. ಟಿವಿಯ ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿದೆ, ಅದೇ ಕಥೆ. ಕೊನೆಗೆ ಮೇಜಿನ ಡ್ರಾಯರಿನಲ್ಲಿದ್ದ ಒಂದು ಗಿಡ್ಡ ಕೇಬಲ್ ತಂದು ಸಿಕ್ಕಿಸಿದೆ. ಚಿತ್ರ ಬಂಡೆಯಂತೆ ನಿಂತಿತು.

ಹಳೆಯ ಕೇಬಲ್ ಐದು ಮೀಟರಿನದು. ಅದರ ಹೊದಿಕೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾ ಹೋದರೆ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ‘ಹೈ ಸ್ಪೀಡ್’ ಎಂದಿತ್ತು. ಈ ಹೆಸರು ಕೇಳಿದರೆ ಯಾರಾದರೂ ಇದಕ್ಕಿಂತ ವೇಗದ್ದು ಇನ್ನಾವುದು ಎಂದುಕೊಳ್ಳುತ್ತಾರೆ. ನಿಜವೆಂದರೆ ಅದರ ಮೇಲೆ ‘ಪ್ರೀಮಿಯಂ ಹೈ ಸ್ಪೀಡ್’ ಇದೆ, ಅದರ ಮೇಲೆ ‘ಅಲ್ಟ್ರಾ ಹೈ ಸ್ಪೀಡ್’ ಇದೆ. ಸೆಕೆಂಡಿಗೆ ಮೊದಲನೆಯದು ಸುಮಾರು 10 ಗಿಗಾಬಿಟ್ ದತ್ತಾಂಶ, ಎರಡನೆಯದು 18, ಮೂರನೆಯದು 48 ಗಿಗಾಬಿಟ್ ಸಾಗಿಸಬೇಕು. ಸಾಮಾನ್ಯ ಫುಲ್ ಎಚ್‌ಡಿ ಚಿತ್ರದಲ್ಲಿ ಇಪ್ಪತ್ತು ಲಕ್ಷಕ್ಕೂ ಸ್ವಲ್ಪ ಹೆಚ್ಚು ಚುಕ್ಕೆಗಳಿರುತ್ತವೆ. 4ಕೆ ಟಿವಿಯಲ್ಲಿ ಅದರ ನಾಲ್ಕು ಪಟ್ಟು. ಅಮ್ಮನ ಟಿವಿ 4ಕೆ. ಅದನ್ನು ಕಂಡ ಲ್ಯಾಪ್‌ಟಾಪ್ ಸೆಕೆಂಡಿಗೆ 60 ಬಾರಿಯಂತೆ ಪೂರ್ತಿ 4ಕೆ ಚಿತ್ರ ಕಳಿಸಲು ಹೊರಟಿತ್ತು. ಅದಕ್ಕೆ 18 ಗಿಗಾಬಿಟ್‌ನ ದಾರಿ ಬೇಕು, ಸಿಕ್ಕಿದ್ದು ಹತ್ತರ ದಾರಿ. ನಿಜವೇ ಎಂದು ಪರೀಕ್ಷಿಸಲು ಅದೇ ಹಳೆಯ ಕೇಬಲ್ಲನ್ನು ಮತ್ತೆ ಸಿಕ್ಕಿಸಿ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಟಿವಿಯ ರಿಫ್ರೆಶ್ ರೇಟನ್ನು, ಎಂದರೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಕಳಿಸಬೇಕೆಂಬುದನ್ನು, 60ರಿಂದ 30ಕ್ಕೆ ಇಳಿಸಿದೆ. ಚಿತ್ರ ಕದಲಲಿಲ್ಲ. ಫೋಟೊ ನೋಡುವುದಕ್ಕೆ 30 ಧಾರಾಳವಾಗಿ ಸಾಕು.

ನನಗೆ ಸಿಟ್ಟು ಬಂದದ್ದು ಇಲ್ಲಿ. ಈ ಯಂತ್ರಗಳು ಮೂಕವಲ್ಲ. ಎಚ್‌ಡಿಎಂಐ ಕೇಬಲ್ಲಿನ ತುದಿಯಲ್ಲಿ 19 ಪಿನ್‌ಗಳಿವೆ. 18ನೆಯ ಪಿನ್ನಿನಲ್ಲಿ ಲ್ಯಾಪ್‌ಟಾಪ್ 5 ವೋಲ್ಟ್ ಕಳಿಸುತ್ತದೆ, ಟಿವಿ 19ನೆಯದರಲ್ಲಿ ‘ಇಲ್ಲಿದ್ದೇನೆ’ ಎಂದು ಉತ್ತರಿಸುತ್ತದೆ. ಬಳಿಕ ಲ್ಯಾಪ್‌ಟಾಪ್ ಇನ್ನೆರಡು ಪಿನ್‌ಗಳ ಮೂಲಕ ಟಿವಿಯ ಜಾತಕವನ್ನೇ ಓದಿಕೊಳ್ಳುತ್ತದೆ: ತಯಾರಿಸಿದವರು ಯಾರು, ಎಷ್ಟು ದೊಡ್ಡ ಚಿತ್ರ ತೋರಿಸಬಲ್ಲದು, ಸೆಕೆಂಡಿಗೆ ಎಷ್ಟು ಬಾರಿ, ಯಾವ ಬಗೆಯ ಧ್ವನಿ. ಈ ಜಾತಕಕ್ಕೆ ಇಡಿಐಡಿ ಎಂದು ಹೆಸರು. ಅದರ ಮೂಲ ಭಾಗ ಬರೀ 128 ಬೈಟ್. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದಾಗ ಎಷ್ಟೋ ಸಲ ಎಲ್ಲ ಸರಿಹೋಗುವುದು ಈ ಮಾತುಕತೆ ಮೊದಲಿನಿಂದ ನಡೆಯುವುದರಿಂದಲೇ. 2013ರಲ್ಲಿ ಬಂದ ಎಚ್‌ಡಿಎಂಐ 2.0ರಲ್ಲಂತೂ, ಬಂದ ದತ್ತಾಂಶದಲ್ಲಿ ಎಷ್ಟು ತಪ್ಪುಗಳಿವೆ ಎಂದು ಟಿವಿ ಎಣಿಸಿಟ್ಟುಕೊಂಡು, ಕೇಳಿದರೆ ಲ್ಯಾಪ್‌ಟಾಪಿಗೆ ತಿಳಿಸುವ ಏರ್ಪಾಡೂ ಇದೆ. ಎಂದರೆ ತಂತಿ ಸೋಲುತ್ತಿದೆ ಎಂಬುದನ್ನು ತಿಳಿಯುವ ದಾರಿ ಯಂತ್ರದೊಳಗೇ ಇದೆ. ‘ಈ ಕೇಬಲ್ ಇಷ್ಟು ಹೊರೆ ತಾಳುತ್ತಿಲ್ಲ, ರಿಫ್ರೆಶ್ ರೇಟ್ ಇಳಿಸಲೇ?’ ಎಂದು ಪರದೆಯ ಮೂಲೆಯಲ್ಲಿ ಒಂದು ಸಾಲು ಕೇಳಿದ್ದರೆ ಅಮ್ಮ ‘ಹೌದು’ ಒತ್ತುತ್ತಿದ್ದಳು. ಅಷ್ಟು ಬರೆಯುವುದು ತಯಾರಕರಿಗೆ ಕಷ್ಟದ ಕೆಲಸವಲ್ಲ. ಅವರು ಬರೆಯುವುದಿಲ್ಲ, ಆ ಭಾರವನ್ನು ಎಪ್ಪತ್ತು ದಾಟಿದ ಹೆಂಗಸೊಬ್ಬಳು ಹೊರುತ್ತಾಳೆ.

ಟೈಪ್-ಸಿ ಪೋರ್ಟಿನದು ಇನ್ನೂ ದೊಡ್ಡ ಅನ್ಯಾಯ. ಎಲ್ಲದಕ್ಕೂ ಒಂದೇ ಆಕಾರದ ರಂಧ್ರ ಸಾಕೆಂದು ತಂದರು. ಈಗ ಒಂದೇ ಲ್ಯಾಪ್‌ಟಾಪಿನ ಅಕ್ಕಪಕ್ಕದ ಎರಡು ರಂಧ್ರಗಳಲ್ಲಿ ಒಂದು ಚಿತ್ರ ಕಳಿಸುತ್ತದೆ, ಇನ್ನೊಂದು ಕಳಿಸದೆಯೂ ಇರಬಹುದು. ‘ಡಿಪಿ’ ಅಕ್ಷರಗಳನ್ನು ಹೋಲುವ ಗುರುತು ಅಥವಾ ಸಿಡಿಲಿನ ಗುರುತು ಇದ್ದರೆ ಸಾಮಾನ್ಯವಾಗಿ ಚಿತ್ರ ಬರುತ್ತದೆ, ಆದರೆ ಎಷ್ಟೋ ಕಡೆ ಗುರುತೇ ಇರುವುದಿಲ್ಲ. ಕೇಬಲ್ಲುಗಳೂ ಹಾಗೆಯೇ. ಫೋನ್ ಚಾರ್ಜ್ ಮಾಡಲು ಕೊಟ್ಟ ಟೈಪ್-ಸಿ ಕೇಬಲ್ ನೋಡಲು ತದ್ವತ್ ಹಾಗೇ ಇರುತ್ತದೆ, ಅವುಗಳಲ್ಲಿ ಹೆಚ್ಚಿನವು ಚಿತ್ರ ಸಾಗಿಸುವುದೇ ಇಲ್ಲ. ಟೈಪ್-ಸಿಯನ್ನು ಎಚ್‌ಡಿಎಂಐಗೆ ಜೋಡಿಸುವ ಅಡಾಪ್ಟರ್ ಕೊಂಡು ತಂದು, ಏನೂ ಬಾರದೆ, ತಮಗೆ ತಿಳಿಯಲಿಲ್ಲವೆಂದು ಸುಮ್ಮನಾದವರನ್ನು ನಾನು ಕಂಡಿದ್ದೇನೆ. ಕೊಳ್ಳುವ ಮೊದಲು ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಆ ಪೋರ್ಟಿಗೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’, ಎಂದರೆ ಟೈಪ್-ಸಿಯ ಮೂಲಕ ಚಿತ್ರ ಕಳಿಸುವ ಸೌಲಭ್ಯ, ಇದೆಯೇ ಎಂದು ದಯವಿಟ್ಟು ನೋಡಿ.

ಹಳೆಯ ಲ್ಯಾಪ್‌ಟಾಪಿನಲ್ಲಿ ನೀಲಿ ಬಣ್ಣದ ವಿಜಿಎ ಪೋರ್ಟ್ ಮಾತ್ರ ಇದ್ದರೆ, ಟಿವಿಯ ಎಚ್‌ಡಿಎಂಐಗೆ ಸೇರಿಸಲು ಬರೀ ತಂತಿಯಿಂದ ಕೆಲಸವಾಗದು. ಅದು 1987ರ ವ್ಯವಸ್ಥೆ, ಅದರಲ್ಲಿ ಧ್ವನಿ ಹರಿಯುವುದಿಲ್ಲ. ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು.

ಗಿಡ್ಡ ಕೇಬಲ್ ಹಾಕಿದ ಮೇಲೂ ಫೋಟೊಗಳ ಅಂಚು ಕತ್ತರಿಸಿದಂತೆ ಕಾಣುತ್ತಿತ್ತು. ಒಂದು ಗುಂಪಿನ ಫೋಟೊದಲ್ಲಿ ತುದಿಗೆ ನಿಂತಿದ್ದ ಅಮ್ಮನ ಅಕ್ಕ ಅರ್ಧವೇ ಉಳಿದಿದ್ದಳು. ಇದು ಪಿಕ್ಚರ್ ಟ್ಯೂಬ್ ಇದ್ದ ಹಳೆಯ ದಪ್ಪ ಟಿವಿಗಳ ಕಾಲದ ಪಳೆಯುಳಿಕೆ. ಆಗ ಚಿತ್ರದ ಅಂಚು ನೆಟ್ಟಗೆ ಬರುತ್ತಿರಲಿಲ್ಲವಾದ್ದರಿಂದ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಈಗ ಅದರ ಅಗತ್ಯವೇ ಇಲ್ಲ, ಆದರೂ ಅನೇಕ ಟಿವಿಗಳು ಅದನ್ನೇ ಮುಂದುವರಿಸಿವೆ. ಟಿವಿಯ ಪಿಕ್ಚರ್ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘ಫುಲ್ ಪಿಕ್ಸೆಲ್’ ಎಂದು ಒಂದೊಂದು ಟಿವಿಯಲ್ಲಿ ಒಂದೊಂದು ಹೆಸರಿನಿಂದ ಇರುವ ಆಯ್ಕೆ ಹುಡುಕಿದರೆ ಪೂರ್ತಿ ಚಿತ್ರ ಸಿಗುತ್ತದೆ. ಹುಡುಕಿದೆ. ದೊಡ್ಡಮ್ಮ ಪೂರ್ತಿಯಾಗಿ ಬಂದಳು. ಅಮ್ಮ ಎದ್ದು ಹೋಗಿ ಪರದೆಯ ಮೇಲೆ ಅವಳ ಕೈಬಳೆಯನ್ನು ಬೆರಳಿನಿಂದ ಮುಟ್ಟಿದಳು. ‘ಇದು ಅವಳು ನನಗೆ ಕೊಟ್ಟದ್ದು’ ಎಂದಳು. ಚಿಕ್ಕ ಪರದೆಯಲ್ಲಿ ಆ ಬಳೆ ಅವಳಿಗೆ ಕಂಡೇ ಇರಲಿಲ್ಲ.

ಇಂಥದ್ದು ತಪ್ಪಿಹೋಗುತ್ತದೆಂದೇ ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದು. ನಿಮ್ಮ ಮನೆಯಲ್ಲಿ ಯಾರಾದರೂ ‘ನಾನು ಕೆಡಿಸಿದೆ’ ಎಂದರೆ ಕೈಯಿಂದ ರಿಮೋಟ್ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕುಳಿತು ಒಂದೊಂದನ್ನೇ ಬದಲಿಸಿ, ಏನು ಬದಲಿಸಿದಿರಿ ಎಂದು ಬಾಯಿಬಿಟ್ಟು ಹೇಳಿ. ಒಟ್ಟಿಗೆ ಮೂರು ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ನಿಮಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ. ನಾನು ಆ ದಿನ ಮಾಡಿದ್ದನ್ನೆಲ್ಲ ಮಾಡುತ್ತಲೇ ಅಮ್ಮನಿಗೆ ಹೇಳಿದೆ, ಅವಳು ದಪ್ಪ ಅಕ್ಷರಗಳಲ್ಲಿ ಬರೆದುಕೊಂಡಳು.

ಬುಧವಾರ ನಾನು ಕೆಲಸದಲ್ಲಿದ್ದಾಗ ಅವಳ ಫೋನ್ ಬಂತು. ಒಂದು ವಿಡಿಯೊ ಹಾಕಿದಳಂತೆ, ಚಿತ್ರ ಟಿವಿಯಲ್ಲಿ ಬಂದರೂ ಧ್ವನಿ ಲ್ಯಾಪ್‌ಟಾಪಿನಲ್ಲೇ ಉಳಿಯಿತಂತೆ. ನಾನು ಇದನ್ನು ಹೇಳಿಕೊಟ್ಟಿರಲಿಲ್ಲ. ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು: ‘ಕೆಳಗೆ ಮೂಲೆಯಲ್ಲಿ ಸ್ಪೀಕರಿನ ಚಿತ್ರ ಇದೆಯಲ್ಲ, ಅದನ್ನು ಒತ್ತಿ ನೋಡಿದೆ. ಟಿವಿಯ ಹೆಸರು ಇತ್ತು. ಆರಿಸಿದೆ, ಬಂತು. ಇದನ್ನೂ ಬರೆದಿಟ್ಟಿದ್ದೇನೆ.’