ಜಯನಗರದಿಂದ ಮಂಗ್ಳೂರು ಎಷ್ಟು ದೂರ

ಬೆಂಗ್ಳೂರಲ್ಲಿ ಯಾರನ್ನಾದ್ರೂ ನಿಮ್ಮನೆ ಎಷ್ಟು ದೂರ ಅಂತ ಕೇಳಿ ನೋಡಿ, ಬಾಯಿಗೆ ಕಿಲೋಮೀಟರ್ ಬರೋದೇ ಇಲ್ಲ. "ಟ್ರಾಫಿಕ್ ಇಲ್ಲಾಂದ್ರೆ ಅರ್ಧ ಗಂಟೆ, ಇದ್ರೆ ದೇವರೇ ಗತಿ" ಅಂತಾರೆ. ಇಂಥ ಊರಲ್ಲಿ ಕೂತು ಮೊಬೈಲಲ್ಲಿ ಎರಡು ಏರ್‌ಪೋರ್ಟ್ ಹೆಸರು ಒತ್ತಿ ಮಧ್ಯ ಎಷ್ಟು ದೂರ, ಎಷ್ಟು ಹೊತ್ತು ಅಂತ ನೋಡೋದು ಒಂಥರಾ ಮಜಾ. ಬೆಂಗ್ಳೂರಿಂದ ಮಂಗ್ಳೂರಿಗೆ ಗಾಳಿಯಲ್ಲಿ ಸುಮಾರು 300 ಕಿ.ಮೀ. ಅಷ್ಟೇ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಓಡುತ್ತೆ ಅಂತ ಭಾಗಿಸಿದ್ರೆ ಅರ್ಧ ಗಂಟೆನೂ ಬೇಡ!

ಆದ್ರೆ ಟಿಕೆಟ್ ನೋಡಿ, ಒಂದು ಗಂಟೆ ಮೇಲೇ ಇರುತ್ತೆ. ಯಾಕಂದ್ರೆ ಟಿಕೆಟ್‌ನವರ ಗಡಿಯಾರ ಶುರುವಾಗೋದು ವಿಮಾನ ಗೇಟ್ ಬಿಟ್ಟಾಗ, ನಿಲ್ಲೋದು ಆ ಕಡೆ ಗೇಟಿಗೆ ಬಂದು ನಿಂತಾಗ, ನಡುವೆ ರನ್‌ವೇ ತನಕ ತೆವಳೋದು, ಮುಂದಿರೋ ವಿಮಾನಗಳ ಹಿಂದೆ ಕ್ಯೂ ನಿಲ್ಲೋದು, ಏರೋದು, ಇಳಿಯೋದು ಎಲ್ಲಾ ಸೇರಿರುತ್ತೆ. ಇಷ್ಟು ಹತ್ತಿರದ ಊರಿಗೆ ವಿಮಾನ ಪೂರ್ತಿ ಸ್ಪೀಡಲ್ಲಿ ನೆಟ್ಟಗೆ ಹಾರೋದು ಸ್ವಲ್ಪ ಹೊತ್ತು ಮಾತ್ರ. ಪಾಪ, ಗಗನಸಖಿಯರು ಟ್ರಾಲಿ ತಳ್ಕೊಂಡು ಹಿಂದಿನ ಸೀಟ್ ತಲುಪೋಷ್ಟರಲ್ಲೇ ಬೆಲ್ಟ್ ಹಾಕ್ಕೊಳ್ಳಿ ಅನ್ನೋ ಲೈಟ್ ಹತ್ಕೊಂಡಿರುತ್ತೆ. ಮೇಲಿಂದ ಕಂಪನಿಯವರು ಲೇಟಾದ್ರೆ ಇರಲಿ ಅಂತ ಒಂದಿಷ್ಟು ಹೊತ್ತು ಸೇರಿಸಿಟ್ಟಿರ್ತಾರೆ, ಅಮ್ಮ ಅಪ್ಪನಿಗೆ ಒಂಬತ್ತೂವರೆ ಮುಹೂರ್ತಾನ ಎಂಟೂವರೆ ಅಂತ ಹೇಳಿದ ಹಾಗೆ. ಆಮೇಲೆ "ನಿಗದಿತ ಸಮಯಕ್ಕಿಂತ ಮೊದಲೇ ಬಂದಿದ್ದೇವೆ" ಅಂತ ಅನೌನ್ಸ್ ಮಾಡಿ ಬೀಗೋದು ಬೇರೆ.

ಇನ್ನು ಈ ಕಡೆಯ ಕಥೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ಎಚ್‌ಎಎಲ್‌ನ ಹಳೇ ಏರ್‌ಪೋರ್ಟ್ ಬಿಟ್ಟು ದೇವನಹಳ್ಳಿಯ ಹೊಸ ಏರ್‌ಪೋರ್ಟಿಗೆ ಹೋದ್ವು, ನಮಗೆ ಓಲ್ಡ್ ಏರ್‌ಪೋರ್ಟ್ ರೋಡ್ ಅನ್ನೋ ಹೆಸರು ಉಳೀತು. ಈಗ ಜಯನಗರದಿಂದ ಏರ್‌ಪೋರ್ಟಿಗೆ ಹೋಗೋ ವಾಯು ವಜ್ರ ಬಸ್ ಹತ್ತಿ ಹೆಬ್ಬಾಳದ ಫ್ಲೈಓವರ್ ದಾಟೋಷ್ಟರಲ್ಲಿ, ಅದೇ ಹೊತ್ತಿಗೆ ಹೊರಟಿದ್ದ ವಿಮಾನ ಮಂಗ್ಳೂರಿನ ಬಜಪೆ ಏರ್‌ಪೋರ್ಟಲ್ಲಿ ಇಳಿದಿದ್ರೂ ಆಶ್ಚರ್ಯ ಇಲ್ಲ. ಆಮೇಲೆ ಚೆಕ್‌ಇನ್ನು, ಸೆಕ್ಯೂರಿಟೀಲಿ ಬೆಲ್ಟ್ ಬಿಚ್ಚೋದು. ನಮ್ಮ ಚಿಕ್ಕಪ್ಪ ಇದೆಲ್ಲಾ ಕೂಡಿಸಿ ನೋಡಿ, ಮೆಜೆಸ್ಟಿಕ್ಕಿಂದ ರಾತ್ರಿ ಬಸ್ಸೇ ವಾಸಿ ಅಂತಾರೆ. ನೆಲಮಂಗಲ ದಾಟೋ ಮುಂಚೆ ಮಲಗ್ತಾರೆ, ಶಿರಾಡಿ ಘಾಟಿಯ ತಿರುವುಗಳೂ ಅವರನ್ನ ಎಬ್ಬಿಸಲ್ಲ. "ನಿದ್ದೇಲಿ ಕಳೆದಿದ್ದು ಪ್ರಯಾಣ ಹೆಂಗಾಗುತ್ತೆ?" ಅಂತ ಅವರ ವಾದ, ನನಗಂತೂ ಇದಕ್ಕೆ ಉತ್ತರ ಸಿಕ್ಕಿಲ್ಲ.

ದೂರ ಜಾಸ್ತಿ ಆದಷ್ಟೂ ಮೊಬೈಲ್ ಲೆಕ್ಕ ನಿಜಕ್ಕೆ ಹತ್ತಿರ ಬರುತ್ತೆ ನೋಡಿ. 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗ್ಳೂರಿಗೆ ಮೊದಲ ನೇರ ಏರ್ ಇಂಡಿಯಾ ವಿಮಾನ ಬಂತಲ್ಲ, ಪೈಲಟ್‌ಗಳೆಲ್ಲ ಹೆಣ್ಮಕ್ಕಳೇ, ಅದು ಬಂದಿದ್ದು ಉತ್ತರ ಧ್ರುವದ ಮೇಲಿಂದ. ಗೋಡೆ ಮೇಲಿನ ಮ್ಯಾಪಲ್ಲಿ ಅದು ಸುತ್ತುದಾರಿ, ದುಂಡಗಿನ ಭೂಮಿ ಮೇಲೆ ಹತ್ತಿರದ ದಾರಿ. ಸುಮಾರು 14,000 ಕಿ.ಮೀ., 17 ಗಂಟೆ ಹತ್ರ. ಅಷ್ಟು ದೊಡ್ಡ ಲೆಕ್ಕದಲ್ಲಿ ಹೆಬ್ಬಾಳ ಯಾವ ಮೂಲೆಗೆ?

ಡೆಲ್ಲಿಗಾದ್ರೆ ಚಿಕ್ಕಪ್ಪನೂ ವಿಮಾನಾನೇ ಹತ್ತೋದು, 1,700 ಕಿ.ಮೀ., ಹೆಚ್ಚುಕಡಿಮೆ ನೆಟ್ಟಗೆ ಉತ್ತರಕ್ಕೆ. ಆದ್ರೆ ಕಿಟಕಿ ಸೀಟಿಗೆ ಎಕ್ಸ್‌ಟ್ರಾ ದುಡ್ಡು ಮಾತ್ರ ಕೊಡಲ್ಲ, ಬಸ್ಸಲ್ಲಿ ಫ್ರೀಯಾಗಿ ಸಿಗುತ್ತಲ್ಲ ಅಂತಾರೆ.