ಸ್ಪಷ್ಟನೆ: ಫೈರ್‌ವಾಲ್‌ಗೆ ಅಲ್ಯೂಮಿನಿಯಂ ಸಾಕು ಅನ್ನುವ ಮೆಸೇಜ್ ತಪ್ಪು

ಮಂಗಳೂರು, ಸುರತ್ಕಲ್ ಕಡೆಯ ವಿಮಾನದ ಹುಚ್ಚಿರುವವರ ವಾಟ್ಸಾಪಿನಲ್ಲಿ ಎರಡು ದಿನದಿಂದ ಒಂದು ಮೆಸೇಜ್ ಓಡಾಡುತ್ತಿದೆ. ಮನೆಯಲ್ಲೇ ಕಟ್ಟುವ ವಿಮಾನದಲ್ಲಿ ಎಂಜಿನ್ ಕಡೆಯ ಬೆಂಕಿ ಕ್ಯಾಬಿನ್‌ಗೆ ಬರದಂತೆ ತಡೆಯುವ ಗೋಡೆಗೆ, ಅಂದರೆ ಫೈರ್‌ವಾಲ್‌ಗೆ ದಪ್ಪ ಅಲ್ಯೂಮಿನಿಯಂ ಶೀಟ್ ಸಾಕು, ಒಳಗಡೆ ಫೋಮ್ ಅಂಟಿಸಿದರೆ ಬಿಸಿಯೂ ಬರುವುದಿಲ್ಲ ಅಂತ. ಅದನ್ನು ನಾನೂ ಓದದೆ ಸುಮ್ನೆ ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು.

ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ವಿಮಾನಕ್ಕೆ ಬಳಸುವ ಮಿಶ್ರಲೋಹ ಅದಕ್ಕಿಂತ ಮೊದಲೇ. ಸಣ್ಣ ವಿಮಾನಗಳಿಗೆ ಅಮೆರಿಕದಲ್ಲಿದ್ದ ಹಳೆಯ ಪಾರ್ಟ್ 23 ನಿಯಮದಲ್ಲಿ ಫೈರ್‌ವಾಲ್ ಸುಮಾರು 1,100 ಡಿಗ್ರಿಯ ಜ್ವಾಲೆಯನ್ನು 15 ನಿಮಿಷ ತಡೆಯಬೇಕಿತ್ತು. ಪರೀಕ್ಷೆಯಿಲ್ಲದೆ ಒಪ್ಪುತ್ತಿದ್ದದ್ದು 0.015 ಇಂಚಿನ, ಅಂದರೆ 0.38 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್, 0.016 ಇಂಚಿನ ಟೈಟಾನಿಯಂ, ಹೀಗೆ ಕೆಲವನ್ನು ಮಾತ್ರ. ಆ ಪಟ್ಟಿಯಲ್ಲಿ ಅಲ್ಯೂಮಿನಿಯಂ ಶೀಟ್ ಇರಲಿಲ್ಲ. ‘ಅಲ್ಯೂಮಿನಿಯಂ ಪಾತ್ರೆ ಒಲೆ ಮೇಲೆ ಕರಗಲ್ಲ ಅಲ್ವಾ’ ಅಂತ ಒಬ್ಬರು ಕೇಳಿದರು. ಪಾತ್ರೆಯಲ್ಲಿ ನೀರು ಇರುತ್ತದೆ ಮಾರಾಯ್ರೇ, ಅದೇ ಪಾತ್ರೆಯನ್ನು ಕರಗದಂತೆ ಉಳಿಸುವುದು.

ಫೋಮ್ ವಿಷಯ ಇನ್ನೂ ಜಾಸ್ತಿ ಅಪಾಯ. ಸ್ಟೀಲ್ ತೂತಾಗದಿದ್ದರೂ ಕೆಂಪಗೆ ಕಾಯುತ್ತದೆ, ಆಗ ಹಿಂದೆ ಅಂಟಿಸಿದ ಫೋಮ್ ಮತ್ತು ಗೋಂದು ಸುಟ್ಟು ಕ್ಯಾಬಿನ್ ತುಂಬ ವಿಷದ ಹೊಗೆ ಆಗುತ್ತದೆ, ಪೈಲಟ್‌ಗೆ ಇಳಿಸಲು ಕಣ್ಣೇ ಕಾಣುವುದಿಲ್ಲ. ಹೊದಿಕೆ ಬೇಕಿದ್ದರೆ ಎಂಜಿನ್ ಕಡೆಗೆ ಸೆರಾಮಿಕ್ ಫೈಬರ್ ಹಾಕಿ, ಅದರ ಮೇಲೆ ತೆಳು ಸ್ಟೀಲ್ ಹಾಳೆ ಮುಚ್ಚಬೇಕು, ಇಲ್ಲದಿದ್ದರೆ ಅದು ಎಣ್ಣೆ ಹೀರುತ್ತದೆ. ತಂತಿ, ಪೈಪ್ ಹೋಗುವ ತೂತುಗಳಿಗೂ ಸ್ಟೀಲ್ ಫಿಟ್ಟಿಂಗೇ, ಸುತ್ತ ಬೆಂಕಿ ತಡೆಯುವ ಸೀಲೆಂಟ್.

ಹಳೆಯ ಮೆಸೇಜನ್ನು ದಯವಿಟ್ಟು ಇನ್ನು ಯಾರಿಗೂ ಕಳಿಸಬೇಡಿ. ಕಳಿಸಿದ್ದರೆ ಅದರ ಕೆಳಗೆ ಇದನ್ನು ಹಾಕಿ.