ಸಾರ್ಡಿನಿಯಾದ ಮರದಚ್ಚು: ಕುರುಬರ ಕಲೆಯಲ್ಲ

ಸಾರ್ಡಿನಿಯಾ ದ್ವೀಪದ ಕಪ್ಪು ಬಿಳುಪಿನ ಮರದಚ್ಚು ಚಿತ್ರಗಳು ಕುರುಬರಿಂದ ತಲೆತಲಾಂತರವಾಗಿ ಬಂದ ಜನಪದ ಕಲೆ ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು. ಅವು 20ನೆಯ ಶತಮಾನದ, ಕಲಿತ ಕಲಾವಿದರ ಕೆಲಸ: 1887ರಲ್ಲಿ ಒರಾನಿಯಲ್ಲಿ ಹುಟ್ಟಿದ ಮಾರಿಯೊ ದೆಲಿತಾಲಾ, 1900ರಲ್ಲಿ ಅರ್ಜಾನಾದಲ್ಲಿ ಹುಟ್ಟಿದ ಸ್ತಾನಿಸ್ ದೆಸ್ಸಿ, ಸಾಸ್ಸರಿಯ ಜುಸೆಪ್ಪೆ ಬಿಯಾಜಿ. ಕಾಲ್ಯಾರಿಯ ಫೆಲಿಚೆ ಮೆಲಿಸ್ ಮರೀನಿಯಂತೂ ಮರ ಬಿಟ್ಟು, ಲೋಹದ ತಗಡನ್ನು ಆಮ್ಲದಲ್ಲಿ ಕೊರೆದವರು.

ಗೊಂದಲಕ್ಕೆ ಕಾರಣವಿದೆ. ಹೂವು, ಹಕ್ಕಿ ಕೆತ್ತಿದ ಮರದ ಪೆಟ್ಟಿಗೆಗಳು ಅಲ್ಲಿನ ಹಳೆಯ ಮನೆಗಳ ಸೊತ್ತು. ಆದರೆ ಪೆಟ್ಟಿಗೆಯ ಮೇಲಿನ ಹಕ್ಕಿ ಅಲ್ಲೇ ಉಳಿಯುತ್ತದೆ. ಅಚ್ಚಿನ ಹಕ್ಕಿಯನ್ನು ಎಡಬಲ ತಿರುಗಿಸಿ ಕೆತ್ತಿ, ಉಬ್ಬಿದ ಭಾಗಕ್ಕೆ ಮಸಿ ಹಚ್ಚಿ ಕಾಗದಕ್ಕೆ ಒತ್ತಬೇಕು. ಹಳ್ಳಿಯ ಉಡುಗೆ, ಜಾತ್ರೆ, ಕುರುಬರು ಚಿತ್ರದ ವಸ್ತುವಾದದ್ದು ನಿಜ, ಕೆತ್ತಿದವರು ಅವರಲ್ಲ.